ಮನೇಲಿ ತೋಟಾ ತುಂಬೋದು: ಅಲ್ಲಿಯ ಮಾತು ಬೇರೆ, ಇಲ್ಲಿಯದು ಬೇರೆ

ಸಂಪಾದಕರಿಗೆ ನಮಸ್ಕಾರ,

ನಾನಿರೋದು ಅಮೆರಿಕದ ಟೆಕ್ಸಾಸ್‌ನಲ್ಲಿ. ಹೋದ ವಾರ ಅಣ್ಣನ ಮಗ ಮೈಸೂರಿಂದ ಫೋನ್ ಮಾಡಿ, "ಚಿಕ್ಕಪ್ಪ, ಪಿಸ್ತೂಲಿನ ತೋಟಾನ ಮನೇಲೇ ತುಂಬೋ ವಿಡಿಯೋ ನೋಡ್ದೆ, ಇಲ್ಲೂ ಮಾಡಬಹುದಾ?" ಅಂದ. ಎದೆ ಧಸಕ್ಕಂತು.

ನಮ್ಮ ಪಕ್ಕದ್ಮನೆಯವ್ರು ಗ್ಯಾರೇಜಲ್ಲಿ ಇದನ್ನ ಮಾಡೋದು ನೋಡಿದೀನಿ. ಹಾರಿಸಿದ ತೋಟಾದ ಖಾಲಿ ಹಿತ್ತಾಳೆ ಕೇಸ್‌ಗಳನ್ನ (ಹೊರಚಿಪ್ಪು) ಅಕ್ರೋಟ್ ಸಿಪ್ಪೆ ಪುಡಿ ಜೊತೆ ಮಷೀನಿಗೆ ಹಾಕಿದ್ರೆ ರಾತ್ರಿಯೆಲ್ಲ ಗರಗರ ಸದ್ದು, ಬೆಳಗ್ಗೆ ಪೂಜೆ ಪಾತ್ರೆ ಥರ ಫಳಫಳ. ಆಮೇಲೆ ಅದಕ್ಕೆ ಮತ್ತೆ ಸಿಡಿಮದ್ದು, ಗುಂಡು ತುಂಬುವಾಗ ಟೀವಿ ಇಲ್ಲ, ಫೋನ್ ಇಲ್ಲ, ಮದ್ದು ಬಿದ್ದ ಒಂದೊಂದು ಕೇಸಿನೊಳಗೂ ಟಾರ್ಚ್ ಬಿಟ್ಟು ನೋಡ್ತಾರೆ, ಯಾಕಂದ್ರೆ ಎರಡು ಸಲ ಮದ್ದು ಬಿದ್ರೆ ಪಿಸ್ತೂಲೇ ಕೈಯಲ್ಲಿ ಸಿಡಿಯುತ್ತೆ, ಬೀಳದೇ ಹೋದ್ರೆ ಗುಂಡು ನಳಿಗೆಯಲ್ಲೇ ಸಿಕ್ಕೊಂಡು ಮುಂದಿನ ಗುಂಡಿಗೆ ಅನಾಹುತ. ಸೀಸದ ಧೂಳು ಅಂತ ಕೈ ತೊಳೀದೆ ನೀರೂ ಮುಟ್ಟಲ್ಲ. (ಉಳಿತಾಯ ಅಂತಾರೆ, ಅವ್ರ ಮಷೀನ್‌ಗಳ ಬಿಲ್ ನೋಡಿದ್ರೆ ನಂಗೇನೋ ಡೌಟು.)

ಅಮೆರಿಕದಲ್ಲಿ ಸ್ವಂತಕ್ಕೆ ತುಂಬ್ಕೊಳ್ಳೋಕೆ ಫೆಡರಲ್ ಲೈಸೆನ್ಸ್ ಬೇಡ, ಮಾರೋ ದಂಧೆಗೆ ಬೇಕು. ನಮ್ಮ ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸೋಕೇ ಪ್ರತ್ಯೇಕ ಲೈಸೆನ್ಸ್ ಬೇಕು, ಪಿಸ್ತೂಲ್ ಲೈಸೆನ್ಸ್ ಇದೆ ಅಂದ್ಮಾತ್ರಕ್ಕೆ ಆಗಲ್ಲ. 9 ಎಂಎಂ ಅಂತೂ ಜನಸಾಮಾನ್ಯರಿಗೆ ನಿಷೇಧಿತ ಬೋರ್ (ನಳಿಗೆಯ ಅಳತೆ). ಇಂಥ ವಿಡಿಯೋ ಬಗ್ಗೆ ಬರೆಯುವಾಗ ಈ ಎರಡು ಸಾಲು ಸೇರಿಸಿ ಸಾರ್, ಹುಡುಗರು ಕಾಯ್ದೆ ಪುಸ್ತಕ ತೆಗೆದು ಓದಲ್ಲ.

ಇಂತಿ ನಿಮ್ಮ ಓದುಗ