ತುಟಿಯ ಮೇಲಿನ ಗೆರೆ: ಮಗಳಿಗೊಂದು ಪತ್ರ

ಕೊಪ್ಪಳ

ಮಗಳೇ,

ನಿನ್ನ ಮೇಲ್ದುಟಿಯಿಂದ ಮೂಗಿನ ಎಡ ಹೊಳ್ಳೆಯವರೆಗೆ ಸಣ್ಣ ಗೆರೆಯೊಂದಿದೆ. ನೀನು ಅಕ್ಷರ ಕಲಿತು ಈ ಪತ್ರ ಓದುವ ಹೊತ್ತಿಗೆ ಅದರ ಬಗ್ಗೆ ಯಾರ್ಯಾರೋ ಏನೇನೋ ಹೇಳಿರುತ್ತಾರೆ. ಅದಕ್ಕೇ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ನೀನು ಹುಟ್ಟಿದ್ದು 2023ರ ಫೆಬ್ರುವರಿಯಲ್ಲಿ. ತುಟಿ, ಅಂಗುಳ ಎರಡೂ ಸೀಳಿದ್ದವು. ಅಂಗುಳ ಸೀಳಿದ್ದರೆ ಹಾಲು ಚೀಪುವ ಸೆಳೆತ ಮಗುವಿಗೆ ಸಿಗುವುದಿಲ್ಲ. ಎದೆಗೆ ಬಾಯಿಟ್ಟು ಸೋತು ಅಳುತ್ತಿದ್ದೆ. ನಿನ್ನ ಅಮ್ಮ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸುತ್ತಿದ್ದಳು. ಮಲಗಿಸಿದರೆ ಹಾಲು ಮೂಗಿಗೆ ಬರುತ್ತಿತ್ತು. ಹಾಗಾಗಿ ನೆಟ್ಟಗೆ ಕೂರಿಸಿಕೊಂಡು, ನಡುನಡುವೆ ಬೆನ್ನು ತಟ್ಟಿ ತೇಗು ಬರಿಸಿ, ಮತ್ತೆ ಶುರು. ಒಂದು ಹೊತ್ತಿನ ಹಾಲು ಮುಗಿಯುವಷ್ಟರಲ್ಲಿ ಇನ್ನೊಂದು ಹೊತ್ತಿನ ಹಸಿವು ಬಂದಿರುತ್ತಿತ್ತು. ತುಟಿ ಹೊಲಿಯಲು ವೈದ್ಯರು ಹೇಳಿದ್ದು ಹತ್ತರ ಲೆಕ್ಕ: 10 ವಾರ ತುಂಬಬೇಕು, ತೂಕ 10 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಕಿಲೋ ಆಗಬೇಕು, ಹಿಮೋಗ್ಲೋಬಿನ್ 10 ಇರಬೇಕು. ಆ ತೂಕವನ್ನು ತೊಟ್ಟು ತೊಟ್ಟಾಗಿ ಕೂಡಿಸಿದವಳು ಅವಳು.

ಅಂಥವಳ ಮೇಲೆಯೇ ತಪ್ಪು ಹೊರಿಸಿದರು. 2022ರ ಅಕ್ಟೋಬರ್ 25ರ ಸಂಜೆ ಸೂರ್ಯಗ್ರಹಣವಿತ್ತು. ಆ ಹೊತ್ತಿನಲ್ಲಿ ಅವಳು ಈಳಿಗೆಯ ಮುಂದೆ ಕುಳಿತು ಬದನೆಕಾಯಿ ಹೆಚ್ಚಿದ್ದಳಂತೆ, ಅದಕ್ಕೇ ಕೂಸಿನ ತುಟಿ ಸೀಳಿತಂತೆ. ಬಾಣಂತಿಯನ್ನು ನೋಡಲು ಬಂದವರು ಅವಳ ಎದುರಿಗೇ ಆಡಿದ ಮಾತಿದು. ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಹೊಟ್ಟೆಯಲ್ಲಿ ಮಗುವಿನ ತುಟಿ ಕೂಡಿಕೊಳ್ಳುವುದು ಎರಡನೆಯ ತಿಂಗಳೊಳಗೆ, ಅಂಗುಳ ಅದರ ಹಿಂದೆಯೇ. ಗ್ರಹಣ ಹಿಡಿದಾಗ ಅವಳಿಗೆ ಆರನೆಯ ತಿಂಗಳು ನಡೆಯುತ್ತಿತ್ತು. ಇಷ್ಟು ಲೆಕ್ಕ ಹಾಕಲು ಯಾರಿಗೂ ಪುರುಸೊತ್ತಿರಲಿಲ್ಲ. ಜಗತ್ತಿನಲ್ಲಿ ಸುಮಾರು 700 ಮಕ್ಕಳಲ್ಲಿ ಒಂದು ಹೀಗೆ ಹುಟ್ಟುತ್ತದೆ. ವಂಶವಾಹಿಗಳ ಜೊತೆ ಹಲವು ಸಂಗತಿಗಳು ಸೇರಿ ಆಗುವುದಿದು, ಇಂಥದ್ದೇ ಕಾರಣ ಎಂದು ಬೊಟ್ಟು ಮಾಡುವುದು ಬಹಳ ಸಲ ವೈದ್ಯರಿಗೂ ಆಗದು. ಆದರೂ ನಿನ್ನ ಅಮ್ಮ ಈಳಿಗೆಯನ್ನು ಅಟ್ಟಕ್ಕೆ ಎತ್ತಿಟ್ಟುಬಿಟ್ಟಿದ್ದಳು. ನಾನೇ ಕೆಳಗಿಳಿಸಿದೆ.

ಅಂಗನವಾಡಿ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿಯೂ ಸೇರಿದೆ, ಶಸ್ತ್ರಚಿಕಿತ್ಸೆಗೆ ದುಡ್ಡು ಕೊಡಬೇಕಾಗಿಲ್ಲ. ಮೊದಲು ತುಟಿ, ವರ್ಷ ತುಂಬಿದ ಮೇಲೆ ಅಂಗುಳ.

‘ಅಮ್ಮ’ ಎಂದು ನೀನು ಬೇಗನೆ ಕರೆದೆ. ‘ಅಪ್ಪ’ ಎನ್ನಲು ಬಾಯಲ್ಲಿ ಗಾಳಿ ತಡೆದು ಬಿಡಬೇಕು, ನಿನಗೆ ಅದು ಮೂಗಿನಿಂದ ಸೋರಿಹೋಗುತ್ತಿತ್ತು. ಈಗ ಅಂಗೈ ಮೇಲೆ ಹತ್ತಿಯ ಎಳೆ ಇಟ್ಟು ‘ಪ, ಪ’ ಎಂದು ಹಾರಿಸುವುದು ನಮ್ಮಿಬ್ಬರ ಸಂಜೆಯ ಆಟ. ಎಂಟು, ಒಂಬತ್ತರ ವಯಸ್ಸಿನಲ್ಲಿ ವಸಡಿಗೆ ಇನ್ನೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಆಗಲೂ ಜೊತೆಗಿರುತ್ತೇವೆ.

2027ರ ಆಗಸ್ಟ್ 2ರ ಸಂಜೆ ಮತ್ತೆ ಸೂರ್ಯಗ್ರಹಣವಿದೆ. ಮೋಡವಿಲ್ಲದಿದ್ದರೆ ನಾವು ಮೂವರೂ ಗ್ರಹಣದ ಕನ್ನಡಕ ಹಾಕಿಕೊಂಡು ಮಾಳಿಗೆಯ ಮೇಲೆ ನಿಂತು ನೋಡೋಣ. ಅಮ್ಮನನ್ನು ಒಪ್ಪಿಸುವ ಕೆಲಸ ನಿನ್ನದು.

ನಿನ್ನ
ಅಪ್ಪ