ಕರೆದರೆ ತಿರುಗದ ಮಕ್ಕಳಿಗಾಗಿ ಸದ್ದಿಲ್ಲದ ಒಂದು ಕೋಣೆ: ದೇಣಿಗೆ ಮನವಿ

ಮಾನ್ಯರೇ,

ಕಾಸರಗೋಡಿನ ಪೆರ್ಲ–ಬದಿಯಡ್ಕ ಕಡೆಯ ನಮ್ಮ ಕನ್ನಡ ಮಾಧ್ಯಮ ಶಾಲೆಗೆ ನೀವು ಹಿಂದೆಯೂ ಕೈತುಂಬ ಕೊಟ್ಟವರು. ಬೆಂಚು ಕೊಟ್ಟಿರಿ, ನೀರಿನ ಟ್ಯಾಂಕಿ ಕೊಟ್ಟಿರಿ, ವಾರ್ಷಿಕೋತ್ಸವಕ್ಕೆ ಪಾಯಸ ಹಾಕಿಸಿದಿರಿ. ಈ ಸಲ ಸದ್ದಿಲ್ಲದ ಒಂದು ಕೋಣೆ ಬೇಕಾಗಿದೆ. ಯಾಕೆಂದು ಹೇಳಲು ನನ್ನ ತಪ್ಪಿನಿಂದಲೇ ಶುರುಮಾಡಬೇಕು.

ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಒಂದನೇ ತರಗತಿಗೆ ಒಬ್ಬ ಹುಡುಗ ಸೇರಿದ. ಹೆಸರು ಹಿಡಿದು ಹತ್ತು ಸಲ ಕರೆದರೂ ತಿರುಗುತ್ತಿರಲಿಲ್ಲ. ಆದರೆ ಅಡುಗೆಕೋಣೆಯಲ್ಲಿ ಗಂಜಿಪಾತ್ರೆಗೆ ಸೌಟು ತಾಗಿದರೆ ಸಾಕು, ಎಲ್ಲರಿಗಿಂತ ಮೊದಲು ಅಲ್ಲಿರುತ್ತಿದ್ದ. ಯಕ್ಷಗಾನ ತರಬೇತಿಗೆ ಚೆಂಡೆ ಬಂದ ದಿನ ಎರಡೂ ಕಿವಿ ಮುಚ್ಚಿಕೊಂಡು ಬೆಂಚಿನಡಿ ಕೂತವನನ್ನು ಹೊರಗೆ ತರಲು ಅವನ ಅಜ್ಜಿಯೇ ಬರಬೇಕಾಯಿತು. ಅವನ ಪ್ರಗತಿಪತ್ರದಲ್ಲಿ ನಾನು ಬರೆದದ್ದು ಒಂದೇ ಪದ: ‘ಹಠಮಾರಿ’.

ಅಜ್ಜಿ ಬಜೆ ತೇಯ್ದು ನಾಲಗೆಗೆ ಹಚ್ಚಿದ್ದರು, ದೇವರಿಗೆ ಹರಕೆ ಹೇಳಿದ್ದರು. ಮಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದಾಗ ‘ಕಿವಿ ಸರಿ ಇದೆ’ ಎಂದರು. ಆ ಮಾತೇ ಮುಳುವಾಯಿತು. ಕಿವಿ ಸರಿ ಇದ್ದ ಮೇಲೆ ಇನ್ನೇನು, ಬೆಳೆಯುತ್ತಾ ಸರಿಹೋಗುತ್ತಾನೆ ಎಂದು ಮನೆಯವರೂ ನಾವೂ ಸುಮ್ಮನಾದೆವು. ಎರಡು ವರ್ಷ ಹೋಯಿತು. ಕೊನೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದಾಗ ಆಟಿಸಂ ಎಂದು, ಅಂದರೆ ಮಾತು, ಬೆರೆಯುವಿಕೆ, ಸದ್ದಿಗೆ ಸ್ಪಂದಿಸುವ ರೀತಿ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ ಎಂದು ತಿಳಿಯಿತು.

ಆಮೇಲೆ ನಾನು ಓದಿ, ಕೇಳಿ ತಿಳಿದುಕೊಂಡದ್ದು ಇಷ್ಟು. ನಮ್ಮ ಒಳಗಿವಿ ಸದ್ದು ಕೇಳಿಸಿಕೊಂಡು ಸುಮ್ಮನಿರುವುದಿಲ್ಲ, ತಾನೂ ಬಹಳ ಕ್ಷೀಣವಾದ ಒಂದು ಸದ್ದನ್ನು ಹೊರಗೆ ಕಳಿಸುತ್ತದೆ. ಸುತ್ತ ಸದ್ದಿಲ್ಲದಿದ್ದರೆ ಕಿವಿಯೊಳಗೆ ಪುಟ್ಟ ಮೈಕಿಟ್ಟು ಅದನ್ನು ಅಳೆಯಬಹುದು. ಒಎಇ ಎನ್ನುವ ಈ ಪರೀಕ್ಷೆಗೆ ಮಗು ಉತ್ತರ ಕೊಡಬೇಕಾಗಿಲ್ಲ, ನಿದ್ದೆಹೋದ ಕೂಸಿಗೂ ಮಾಡಬಹುದು. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಟಿಸಂ ಇರುವ ಹುಡುಗರ ಒಳಗಿವಿಯ ಈ ಮಾರುತ್ತರ 1ರಿಂದ 2 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ದುರ್ಬಲವಾಗಿತ್ತು. ಮಾತನ್ನು ಬಿಡಿಸಿ ತಿಳಿಯಲು ತುಂಬ ಬೇಕಾಗುವ ಶ್ರುತಿಗಳೇ ಅವು. 2020ರಲ್ಲಿ ಫ್ಲೋರಿಡಾದ ಸುಮಾರು 1,39,000 ನವಜಾತ ಶಿಶುಗಳ ಶ್ರವಣ ತಪಾಸಣೆಯ ದಾಖಲೆಗಳನ್ನು ನೋಡಿದವರಿಗೆ, ಮುಂದೆ ಆಟಿಸಂ ಎಂದು ಗುರುತಾದ ಮಕ್ಕಳ ಮಿದುಳುಕಾಂಡ (ಮಿದುಳಿನ ಬುಡದ ಭಾಗ) ಸದ್ದಿಗೆ ತುಸು ತಡವಾಗಿ ಸ್ಪಂದಿಸಿದ್ದು ಕಂಡಿತು.

ಹಾಗೆಂದು ಯಂತ್ರವೊಂದು ‘ಆಟಿಸಂ’ ಎಂದು ಚೀಟಿ ಬರೆದುಕೊಡುವುದಿಲ್ಲ. ಶೀತವಾಗಿ ಕಿವಿಯೊಳಗೆ ನೀರು ತುಂಬಿದ್ದರೂ ಫಲಿತಾಂಶ ಕೆಡುತ್ತದೆ. ಇದು ಸುಳಿವು ಮಾತ್ರ, ನಿರ್ಧಾರ ತಜ್ಞರದ್ದು. ಆದರೆ ಸುಳಿವು ಮೂರನೇ ವರ್ಷಕ್ಕೆ ಸಿಕ್ಕಿದರೆ ಏಳನೇ ವರ್ಷದವರೆಗೆ ಕಾಯಬೇಕಾಗಿಲ್ಲ. ಇನ್ನೊಂದು ಮಾತು. ನಮ್ಮೂರಲ್ಲಿ ಮಗುವಿಗೆ ಏನಾದರೂ ಆಯಿತೆಂದರೆ ಗೇರುತೋಟಗಳ ಮೇಲೆ ಹೆಲಿಕಾಪ್ಟರ್ ಸುರಿದ ಎಂಡೋಸಲ್ಫಾನ್ ಕೀಟನಾಶಕ ನೆನಪಾಗುವುದು ಸಹಜ. ಆ ನೋವು ಸುಳ್ಳಲ್ಲ. ಈ ಮಕ್ಕಳ ಆಟಿಸಂ ಅದರಿಂದಲೇ ಬಂತೆಂದು ಮಾತ್ರ ನಾವು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಹೇಳಿ ಯಾರಲ್ಲಿಯೂ ಹಣ ಕೇಳಬೇಡಿ.

ನಮ್ಮ ನಿಜವಾದ ತೊಡಕು ಭಾಷೆಯದು. 1956ರಲ್ಲಿ ಗಡಿ ಸರಿದು ಕಾಸರಗೋಡು ಕೇರಳಕ್ಕೆ ಸೇರಿದ್ದು ದೊಡ್ಡವರಿಗೆ ರಾಜಕೀಯ. ಈ ಮಕ್ಕಳಿಗೆ ಅದು ಚಿಕಿತ್ಸೆಯ ಮೇಜಿನ ಮೇಲೇ ಎದುರಾಗುತ್ತದೆ. ಮನೆಯಲ್ಲಿ ಹವ್ಯಕ ಕನ್ನಡ, ತುಳು ಅಥವಾ ಕರಾಡ. ತೋರಿಸುವ ಚಿತ್ರದ ಹೆಸರು ಹೇಳಬೇಕಾದದ್ದು ಮಲೆಯಾಳದಲ್ಲಿ. ಮಗು ಬಾಯಿಬಿಡದಿದ್ದರೆ ಕೇಳಿಸಲಿಲ್ಲವೋ, ಅರ್ಥವಾಗಲಿಲ್ಲವೋ, ಆ ಮಾತನ್ನೇ ಹಿಂದೆ ಕೇಳಿಲ್ಲವೋ? ‘ಮನೆಭಾಷೆ ಬಿಡಿ’ ಎಂಬ ಸಲಹೆಯನ್ನು ನಂಬಿ ಅಜ್ಜಿಯೊಬ್ಬರು ಮೊಮ್ಮಗಳೊಡನೆ ಮಾತನ್ನೇ ನಿಲ್ಲಿಸಿಬಿಟ್ಟಿದ್ದರು. ಎರಡು ಭಾಷೆ ಕೇಳಿದರೆ ಆಟಿಸಂ ಬರುವುದೂ ಇಲ್ಲ, ಹೆಚ್ಚುವುದೂ ಇಲ್ಲ.

ಈಗ ಲೆಕ್ಕ. ಒಎಇ ತಪಾಸಣಾ ಯಂತ್ರಕ್ಕೆ 2,60,000 ರೂಪಾಯಿ. ಹಳೆಯ ಅಕ್ಕಿ ದಾಸ್ತಾನು ಕೋಣೆಗೆ ಹೊಸ ಮಾಡು, ಎರಡು ಪದರದ ಬಾಗಿಲು, ಗೋಡೆಗೆ ಸದ್ದು ಹೀರುವ ಹೊದಿಕೆ: 2,20,000. ಕನ್ನಡ, ತುಳು ಬಲ್ಲ ವಾಕ್ ಶ್ರವಣ ತಜ್ಞೆಯೊಬ್ಬರು ವಾರಕ್ಕೆ ಎರಡು ದಿನ ಬರಲು ಒಪ್ಪಿದ್ದಾರೆ; ವರ್ಷಕ್ಕೆ 80 ದಿನ, ದಿನಕ್ಕೆ 1,500ರಂತೆ 1,20,000. ಒಟ್ಟು 6,00,000. ರಕ್ಷಕ–ಶಿಕ್ಷಕ ಸಂಘ ಈಗಾಗಲೇ 85,000 ಕೂಡಿಸಿದೆ. ಉಳಿದದ್ದು 5,15,000. ಶಾಲೆಯ ಮಕ್ಕಳಿಗಷ್ಟೇ ಅಲ್ಲ, ಸುತ್ತಲಿನ ಅಂಗನವಾಡಿಗಳ ಕೂಸುಗಳಿಗೂ ತಪಾಸಣೆ ಉಚಿತ.

ಮುಂಬೈ, ಬೆಂಗಳೂರು, ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಗಳು ಶಾಲೆಯ ಬ್ಯಾಂಕ್ ಖಾತೆಗೆ ಕಳಿಸಬಹುದು. ಊರಿನವರು ಅಡಿಕೆಯನ್ನೋ ಮುರಕಲ್ಲನ್ನೋ ಒಂದು ದಿನದ ಕೆಲಸವನ್ನೋ ಕೊಟ್ಟರೂ ಸರಿ, ಎಲ್ಲಕ್ಕೂ ರಶೀದಿ ಇದೆ. ದಾನಿಗಳ ಹೆಸರಿನ ಅಮೃತಶಿಲೆ ಫಲಕ ಹಾಕಲಾಗದು, ಕ್ಷಮಿಸಿ: ಕಲ್ಲು ಸದ್ದನ್ನು ಪ್ರತಿಧ್ವನಿಸುತ್ತದೆಯಂತೆ. ಹೆಸರುಗಳು ಕಚೇರಿಯ ಪುಸ್ತಕದಲ್ಲಿರುತ್ತವೆ.

ಒಂದೇ ಅವಸರ. ಈಗಿರುವ ತಗಡಿನ ಮಾಡಿನಡಿ ಮಳೆಗಾಲದಲ್ಲಿ ನಮ್ಮ ಮಾತೇ ನಮಗೆ ಕೇಳಿಸದು, ಪರೀಕ್ಷೆಯ ಮಾತು ದೂರ. ಜೂನ್ ಮಳೆ ಹಿಡಿಯುವ ಮೊದಲು ಹೊಸ ಮಾಡು ಏರಬೇಕು.

ಇತಿ ನಿಮ್ಮ,
ಸಂಚಾಲಕ, ಶಾಲಾ ಅಭಿವೃದ್ಧಿ ಸಮಿತಿ