ಭೂಮಣ್ಣಿ ಬುಟ್ಟಿಗೆ ಡಬ್ಬಿ ಬಣ್ಣ ಬೇಡ

ಮಾನ್ಯ ಸಂಪಾದಕರೇ,

ಇನ್ನು ಕೆಲವೇ ವಾರಗಳಲ್ಲಿ ಭೂಮಿ ಹುಣ್ಣಿಮೆ. ಭತ್ತ ಹೊಡೆಯಾಗುವ, ಅಂದರೆ ಒಳಗೆ ತೆನೆ ಕಟ್ಟುವ ಹೊತ್ತು. ಬಸುರಿ ಭೂಮ್ತಾಯಿಗೆ ಬಯಕೆ ಊಟವನ್ನು ನಾವು ಗದ್ದೆಗೆ ಹೊತ್ತು ಹೋಗುವುದು ಭೂಮಣ್ಣಿ ಬುಟ್ಟಿಯಲ್ಲಿ. ಆ ಬುಟ್ಟಿಯ ಬಗ್ಗೆಯೇ ಈ ಪತ್ರ.

ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಮಹಾನವಮಿ ಹೊತ್ತಿಗೆ ಕೆಲಸ ಶುರು. ಬಿದಿರಿನ ಬುಟ್ಟಿಯ ಸಂದು ಮುಚ್ಚುವ ಹಾಗೆ ಸಗಣಿ ಬಳಿದು ಒಣಗಿಸುತ್ತೇವೆ. ಅದರ ಮೇಲೆ ಕೆಮ್ಮಣ್ಣು. ಅಕ್ಕಿ ನೆನೆಸಿ ಅರೆದರೆ ಬಿಳಿ, ಕಪ್ಪಗೆ ಹುರಿದು ಅರೆದರೆ ಕಪ್ಪು. ಹಳದಿಗೆ ಕಾಡಿನ ಗುರಿಗೆ ಮರದ ಕಾಯಿ. ಚಿತ್ತಾರ ಬರೆಯುವುದು ಪುಂಡಿ ಗಿಡದ ನಾರಿನಲ್ಲಿ. ಹಸಿ ಇರುವಾಗ ಅಕ್ಕಿಹಿಟ್ಟಿನ ಗೆರೆ ಸರಿಯಾಗಿ ಕಾಣುವುದೇ ಇಲ್ಲ. ಒಣಗುತ್ತಾ ಬಂದ ಹಾಗೆ ಬೆಳ್ಳಗೆ ಏಳುತ್ತದೆ. ನಮ್ಮತ್ತೆ ಎಳೆ ಎಳೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದರು.

ಹೋದ ವರ್ಷ ಪೇಟೆಯಲ್ಲಿ ಬುಟ್ಟಿ ಚಿತ್ತಾರದ ಸ್ಪರ್ಧೆ ಇತ್ತು. ಮೊದಲ ಬಹುಮಾನ ಆಯಿಲ್ ಪೇಂಟ್ ಬಳಿದ ಬುಟ್ಟಿಗೆ ಬಂತು. ಬರೆದ ಹುಡುಗಿಯ ಕೈ ಚೆನ್ನಾಗಿತ್ತು, ಅವಳ ತಪ್ಪೇನಿಲ್ಲ. ಮಿರಮಿರ ಮಿಂಚಿದ್ದಕ್ಕೆ ಜಾಸ್ತಿ ಅಂಕ ಕೊಟ್ಟರೆ ಮಕ್ಕಳು ಡಬ್ಬಿಯನ್ನೇ ತರುತ್ತಾರೆ, ಅಲ್ವಾ? ಮಣ್ಣಿನ ಬಣ್ಣವಾದರೆ ನೀರಲ್ಲಿ ನೆನೆಸಿದರೆ ಬಿಟ್ಟುಕೊಳ್ಳುತ್ತದೆ. ಆ ನೀರು ನಮ್ಮಲ್ಲಿ ತೆಂಗಿನ ಬುಡಕ್ಕೆ ಹೋಗುತ್ತದೆ, ಮುಂದಿನ ವರ್ಷ ಅದೇ ಬುಟ್ಟಿಗೆ ಹೊಸ ಚಿತ್ತಾರ. ಪೇಂಟ್ ಒಮ್ಮೆ ಹತ್ತಿತೆಂದರೆ ಮುಗಿಯಿತು. ಅದೇ ಬುಟ್ಟಿಯಲ್ಲಿ ಊಟ ಇಡಬೇಕು ಬೇರೆ.

ಇನ್ನೊಂದು ಸಂಕಟವಿದೆ. ನಮ್ಮೂರ ಕಾನಿನಲ್ಲಿ, ಅಂದರೆ ಕಾಡಿನಲ್ಲಿ, ಗುರಿಗೆ ಮರ ಈಗ ಹುಡುಕಿದರೂ ಸಿಗುವುದು ಕಷ್ಟ. ಗುಡ್ಡದ ತುಂಬ ಅಕೇಶಿಯಾ. ಹಬ್ಬದ ರಾತ್ರಿ ಬೇಯಿಸುವ ಬೆರಕೆ ಸೊಪ್ಪಿಗೆ ನೂರೊಂದು ಕುಡಿ ಅನ್ನುತ್ತೇವೆ. ಹೋದ ಸಲ ನಾನೂ ಮಗಳೂ ಬೆಳಗ್ಗೆಯಿಂದ ಸುತ್ತಿ ಕೊಯ್ದಿದ್ದು 23 ಬಗೆ ಮಾತ್ರ.

ಸ್ಪರ್ಧೆ ನಡೆಸುವವರಲ್ಲಿ ಒಂದು ಬೇಡಿಕೆ. ಈ ವರ್ಷ ಮಣ್ಣು, ಅಕ್ಕಿ, ಗುರಿಗೆ ಬಣ್ಣಕ್ಕೆ ಮಾತ್ರ ಅವಕಾಶ ಕೊಡಿ. ಬಣ್ಣವನ್ನು ಮಕ್ಕಳು ಅಲ್ಲೇ ಕೂತು ಅರೆಯಲಿ, ಅದಕ್ಕೂ ಅಂಕ ಇರಲಿ. ಹಿಂದಿನ ದಿನ ಅಜ್ಜಿಯರ ಜೊತೆ ಅವರನ್ನು ಕಾನಿಗೆ ಕಳಿಸಿ. ಶಾಲೆಯ ಬೇಲಿ ಬದಿಗೆ ಒಂದೆರಡು ಗುರಿಗೆ ಸಸಿ ನೆಡಲು ಅರಣ್ಯ ಇಲಾಖೆಯವರು ನೆರವಾದರೆ ಇನ್ನೂ ಒಳ್ಳೆಯದು.

ನಮ್ಮೂರ ಮಕ್ಕಳಿಗೆ ಕಲಿಸಲು ನಾನು ತಯಾರಿದ್ದೇನೆ. ಮಹಾನವಮಿಯ ಮಾರನೇ ದಿನ ಬುಟ್ಟಿ, ಪುಂಡಿ ನಾರು ನಮ್ಮ ಜಗುಲಿಯಲ್ಲಿ ಇಟ್ಟಿರುತ್ತೇನೆ.

– ಒಬ್ಬ ರೈತ ಮಹಿಳೆ, ಸೊರಬ ತಾಲ್ಲೂಕು